ಚೈನಾ ಗ್ರಾಸ್ ಪಾಷಾ

ಫರ್ಹತ್ ಅಡುಗೆಯಲ್ಲಿ ಎತ್ತಿದ ಕೈ ಎಂದು ಯಾರಾದರೂ ಹೊಗಳಿದರೆ ಸಾಕು, ಅವಳ ಗಂಡ ಆರಿಫ್ ಕುರ್ಮಾ ಕಥೆ ತೆಗೆಯುತ್ತಾನೆ. ತೆಗೆಯಲಿ ಬಿಡಿ, ಆ ಕಥೆ ಇರುವುದೂ ಹಾಗೇ. ಅವರು ಈಗಿರುವ ಐರಿಷ್ ಊರು ಗಾಲ್ವೇಯ ಶನಿವಾರದ ಸಂತೆಯಲ್ಲಿ, ಸಾಬೂನು ಮಾರುವವನ ಪಕ್ಕದ ಮೇಜಿನ ಮೇಲೆ, ಒಣಗಿ ಸುರುಟಿಕೊಂಡ ನೇರಳೆಗಪ್ಪು ಬಣ್ಣದ ಏನೋ ಒಂದನ್ನು ಚೀಲಗಳಲ್ಲಿ ಕಟ್ಟಿಟ್ಟಿದ್ದರು. ಮೇಲಿನ ಚೀಟಿಯಲ್ಲಿ ಐರಿಷ್ ಬರಹ. ಫರ್ಹತ್ ಹಿಂದೆ ಮುಂದೆ ನೋಡಲಿಲ್ಲ. ಕಲ್ಲುಹೂವು ಎಂದುಕೊಂಡಳು! ಇಲ್ಲಿನ ಇಂಡಿಯನ್ ಅಂಗಡಿಯ ಕಲ್ಲುಹೂವು ಬರೀ ಪುಡಿ ಪುಡಿ, ಇದು ನೋಡಿದರೆ ಇಡಿ ಇಡಿ. ಮೂಸಿ ನೋಡಬಹುದಿತ್ತು, ಆದರೆ ಮೂಗು ಕಟ್ಟಿತ್ತು. ಈ ದೇಶದಲ್ಲಿ ಮೂಗು ಕಟ್ಟದ ತಿಂಗಳಾದರೂ ಯಾವುದು? ಮನೆಗೆ ಬಂದು ಧಾರಾಳವಾಗಿ ಒಂದು ಹಿಡಿ ತೆಗೆದು ಮಟನ್ ಕುರ್ಮಾಕ್ಕೆ ಹಾಕಿದಳು.

ಬೆಳಿಗ್ಗೆ ಫ್ರಿಜ್ ತೆಗೆದರೆ ಪಾತ್ರೆಯಲ್ಲಿ ಕುರ್ಮಾ ಇರಲಿಲ್ಲ, ಇಟ್ಟಿಗೆ ಇತ್ತು. ಪಾತ್ರೆ ಬೋರಲು ಹಾಕಿದರೂ ಜಪ್ಪಯ್ಯ ಅನ್ನಲಿಲ್ಲ. ಅಂಚಿಗೆ ಚಾಕು ಆಡಿಸಿದಾಗ ಇಡಿಯಾಗಿ ತಟ್ಟೆಗೆ ಬಿದ್ದು, ಗಡಗಡನೆ ನಡುಗಿ ನಿಂತಿತು. ಆರಿಫ್ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಮಗಳು ಜಿಕ್ರಾ ಚೀಟಿ ಓದಿ, ಇದು ಕ್ಯಾರಗೀನ್, ಸಮುದ್ರದ ಪಾಚಿ, ಐರಿಷ್‌ನಲ್ಲಿ ಅದಕ್ಕೆ ಚಿಕ್ಕ ಕಲ್ಲು ಎಂದರ್ಥ, ಇಲ್ಲಿಯವರು ಹಾಲಿನಲ್ಲಿ ಕುದಿಸಿ ಪುಡ್ಡಿಂಗ್ ಮಾಡುತ್ತಾರೆ ಎಂದು ತನ್ನ ಗಾಲ್ವೇ ಇಂಗ್ಲಿಷಿನಲ್ಲಿ ಪಾಠ ಹೇಳಿದಳು. ಫರ್ಹತ್‌ಗೆ ಅವಮಾನದಿಂದ ಅಳು ಬರುವುದೊಂದು ಬಾಕಿ.

ಆಗ ಕಿಟಕಿ ಪಕ್ಕದ ಗಾಲಿಕುರ್ಚಿಯಿಂದ ಒಂದು ಕೈ ಮುಂದೆ ಬಂತು. ಅವಳ ಮಾವ ಚಾಂದ್ ಪಾಷಾ ಆ ಕುರ್ಮಾವನ್ನು ಬೆರಳಿನಿಂದ ಒತ್ತಿ, ಅದು ನಡುಗುವುದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಚಮಚ ಕೇಳಿದರು. ಆರಿಫ್‌ನ ನಗು ನಿಂತೇಹೋಯಿತು. ಆ ಮನುಷ್ಯ ತಾನಾಗಿ ಚಮಚ ಕೇಳಿ ತಿಂಗಳಾಗಿತ್ತು.

ಚಾಂದ್ ಪಾಷಾ ಯಾರು ಎಂದು ಬೆಂಗಳೂರಿನ ಟ್ಯಾನರಿ ರಸ್ತೆಯಲ್ಲಿ ಕೇಳಿದರೆ, ಯಾವ ಪಾಷಾ ಎಂದು ತಿರುಗಿ ಕೇಳುತ್ತಾರೆ. ಚೈನಾ ಗ್ರಾಸ್ ಪಾಷಾ ಎಂದರೆ ಮಾತ್ರ ಮುಖ ಅರಳುತ್ತದೆ. ಮದುವೆ ಮನೆಗಳ ಬಾವರ್ಚಿ ಅವರು. ಬಿರಿಯಾನಿ ಮಾಡುವವರು ಊರಿಗೆ ಹತ್ತು ಜನ ಇದ್ದರು, ಆದರೆ ಊಟದ ಕೊನೆಗೆ ಬರುವ ಆ ಹಾಲುಬಿಳುಪಿನ ಚೈನಾ ಗ್ರಾಸಿಗೆ ಇವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅಂಗಡಿಯಿಂದ ತಂದ ಒಣ ಎಳೆಗಳನ್ನು ಹಾಲಿನಲ್ಲಿ ಕರಗಿಸಿ, ತಟ್ಟೆಗೆ ಸುರಿದು, ಹೆಪ್ಪುಗಟ್ಟಲು ಬಿಡುವುದು. ಅಷ್ಟೇ. ಆ ಅಷ್ಟೇ ಎನ್ನುವುದರಲ್ಲಿ ಅವರ ಆಯುಷ್ಯ ಹೋಗಿತ್ತು. ಅಡುಗೆಮನೆಯಿಂದ ಶಾಮಿಯಾನದವರೆಗೆ ಅದು ನಿಂತಿರಬೇಕು, ನಾಲಿಗೆ ಮೇಲೆ ಬಿದ್ದೊಡನೆ ಸೋಲಬೇಕು ಎನ್ನುವುದು ಅವರ ಕಾನೂನು. ಬೇರೆಯವರ ಅಡುಗೆಗೆ ಅವರ ತೀರ್ಪು ಕಡ್ಡಿ ಮುರಿದ ಹಾಗೆ ಒಂದೇ ಮಾತು. ಸೊಸೆಯಾಗಿ ಬಂದ ಮೊದಲ ವರ್ಷ ಆ ಒಂದೊಂದು ಮಾತಿಗೂ ಫರ್ಹತ್ ಬಚ್ಚಲಿಗೆ ಹೋಗಿ ಅತ್ತಿದ್ದುಂಟು.

ಮೊಮ್ಮಗಳನ್ನು ನೋಡಿಹೋಗಲು ಬಂದವರಿಗೆ ಚಳಿಗಾಲದಲ್ಲಿ ಇಲ್ಲಿಯೇ ಸ್ಟ್ರೋಕ್ ಆಯಿತು. ಬಲಗಾಲು ಹೋಯಿತು, ಗಂಟಲು ಅರ್ಧ ಹೋಯಿತು. ಒಂದು ವಿಚಿತ್ರ ಕೇಳಿ: ಮನೆಯಲ್ಲಿ ಉರ್ದು, ಕೆಲಸದಲ್ಲಿ ಕನ್ನಡ ಆಡುತ್ತಿದ್ದ ಮನುಷ್ಯನಿಗೆ ಉರ್ದು ಬಾಯಲ್ಲೇ ಸಿಕ್ಕಿಕೊಂಡಿತು, ಕನ್ನಡ ಮಾತ್ರ ನೆಟ್ಟಗೆ ಹೊರಗೆ ಬಂತು. ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ಅಪರ್ಣಾ ಮೈಸೂರಿನಲ್ಲಿ ಕಲಿತು ಕನ್ನಡ ಬಲ್ಲವಳು, ಅದೊಂದು ಪುಣ್ಯ. ಅವಳೇ ಹೇಳಿದ್ದು: ತೆಳ್ಳಗಿನದು ಏನೂ ಕೂಡದು, ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರಂತೂ ಒಂದು ಹನಿ ಬೇಡ. ಒಂದು ಬಿಳಿ ಪುಡಿ ಕೊಟ್ಟು, ನೀರಿಗೆ ಇದನ್ನು ಕಲಸಿ ಗಟ್ಟಿ ಮಾಡಿ ಕೊಡಿ ಎಂದಳು. ಚಾಂದ್ ಪಾಷಾ ಒಂದು ಚಮಚ ಬಾಯಿಗಿಟ್ಟು ಉಗಿದರು. ಬಟ್ಟೆಗೆ ಹಾಕೋ ಗಂಜಿ, ಎಂದರು.

ಅಲ್ಲಿಂದ ಹಠ ಶುರುವಾಯಿತು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟೊಡನೆ, "ಒಂದ್ ಲೋಟ ನೀರು ಕೊಡಮ್ಮ" ಎನ್ನುವರು. ಬೇಡ ಮಾವ ಎನ್ನುವಳು. ಹಾಗಾದರೆ ಊಟವೂ ಬೇಡ, ನೀರು ಕೊಡದ ಮನೆಯಲ್ಲಿ ಯಾರಾದರೂ ಅನ್ನ ತಿನ್ನುತ್ತಾರಾ ಎಂದು ಮುಖ ತಿರುಗಿಸುವರು. ಹೊರಗೆ ನೋಡಿದರೆ ಕಿಟಕಿ ಗಾಜಿನ ಮೇಲೆ ಮಳೆ ಇಳಿಯುತ್ತಿರುತ್ತಿತ್ತು. ಊರು ತುಂಬ ನೀರು, ಮುದುಕನಿಗೆ ಮಾತ್ರ ಕುಡಿಯುವ ನೀರಿಗೆ ತತ್ವಾರ. ಮೊಹರಂ ದಿನ ಬೀದಿಯಲ್ಲಿ ನಿಂತು ಹೋಗುವವರು ಬರುವವರಿಗೆಲ್ಲ ಶರಬತ್ತು ಹಂಚುತ್ತಿದ್ದ ಮನೆತನದ ಹುಡುಗಿ ಫರ್ಹತ್. ಹಿರಿಯರಿಗೆ ನೀರಿಲ್ಲ ಎನ್ನುವ ಬಾಯಿ ತನ್ನದಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆ ಬರುತ್ತಿತ್ತು. ಇತ್ತ ಮಾವನ ಕೆನ್ನೆ ಒಳಗೆ ಹೋಗಿತ್ತು. ಮುಂದಿನ ತಪಾಸಣೆಗೆ ತೂಕ ಇನ್ನೂ ಇಳಿದಿದ್ದರೆ ಹೊಟ್ಟೆಗೇ ಟ್ಯೂಬ್ ಹಾಕಬೇಕಾಗುತ್ತದೆ ಎಂದು ಅಪರ್ಣಾ ಮೆತ್ತಗೆ ಹೇಳಿ ಹೋಗಿದ್ದಳು.

ಅಂಥವರು ಆ ಕೆಟ್ಟ ಕುರ್ಮಾದ ಅಂಚನ್ನು ಮೂರು ಚಮಚ ತಿಂದರು. ಕೆಮ್ಮಲಿಲ್ಲ. "ಚೈನಾ ಗ್ರಾಸು," ಎಂದರು, "ಆದ್ರೆ ಯಾರೋ ದಡ್ಡರು ಮಾಡವ್ರೆ."

ಫರ್ಹತ್ ಅಪರ್ಣಾಳಿಗೆ ಫೋನ್ ಮಾಡಿದಳು. ಅಪರ್ಣಾ ಮಾರನೆಯ ದಿನವೇ ಬಂದು ಪರೀಕ್ಷಿಸಿದಳು. ಸಾಮಾನ್ಯ ಜೆಲ್ಲಿ ಬಾಯಿಯ ಬಿಸಿಗೆ ಕರಗಿ ನೀರಾಗುತ್ತದೆ, ಇದು ಆಗುವುದಿಲ್ಲ, ಆದ್ದರಿಂದ ಕೊಡಬಹುದು ಎಂದಳು. ಆದರೆ ನೆಟ್ಟಗೆ ಕೂರಿಸಿ ಚಿಕ್ಕ ಚಮಚದಲ್ಲಿ, ಮತ್ತು ಪ್ರತಿ ಸಲ ಮೊದಲು ನಿಮ್ಮ ಬಾಯಲ್ಲಿ ಇಟ್ಟುಕೊಂಡು ನೋಡಿ, ನೀರಾಗದಿದ್ದರೆ ಮಾತ್ರ. ಫರ್ಹತ್ ಅಂದೇ ಹಾಲು ಹಾಕಿ ಪುಡ್ಡಿಂಗ್ ಮಾಡಿದಳು. ಮಾವ ಒಂದು ಚಮಚ ತಿಂದು ಬಟ್ಟಲು ದೂಡಿದರು. ಸರಿ, ಈ ನೆಲದ ಸಿಹಿ ಈ ನೆಲದವರಿಗೇ ಗೊತ್ತಿರಬೇಕು, ಹುಡುಕಿಯೇ ಬಿಡೋಣ ಎಂದು ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಆರಿಫ್‌ಗೆ ಪಾರ್ಕ್‌ಮೋರ್‌ನ ಕಾರ್ಖಾನೆಯಲ್ಲಿ ಭಾನುವಾರವೂ ಶಿಫ್ಟ್. ಹಾಗಾಗಿ ಹಳೆಯ ಟೊಯೋಟಾದ ಡಿಕ್ಕಿಗೆ ಗಾಲಿಕುರ್ಚಿ ಹಾಕಿ, ಪಕ್ಕದ ಸೀಟಿನಲ್ಲಿ ಮಾವನನ್ನು ಕೂರಿಸಿ, ಪ್ರತಿ ಭಾನುವಾರ ಇವರಿಬ್ಬರೇ ಪಶ್ಚಿಮದ ಕರಾವಳಿ ಹಿಡಿದು ಹೊರಟರು. ಬಲಗಡೆ ಕಲ್ಲಿನ ಬೇಲಿಗಳು, ಎಡಗಡೆ ಸಮುದ್ರ. ಸ್ಪಿಡಲ್‌ನ ಕೆಫೆಯ ಪುಡ್ಡಿಂಗಿಗೆ ಪಾಷಾ ಟೈರು ಎಂದರು. ರೌಂಡ್‌ಸ್ಟೋನ್‌ನದು ಪೌಡರ್ ಹಾಲು. ಕ್ಲಿಫ್ಡೆನ್ನಿನ ದೊಡ್ಡ ಹೋಟೆಲಿನದು ನೋಡಲು ಮದುಮಗಳ ಹಾಗಿತ್ತು, ಅದಕ್ಕೆ ಸ್ವಲ್ಪ ಉದ್ದದ ತೀರ್ಪು ಬಂತು: "ತಪ್ಪು ಮುಚ್ಚೋಕೆ ವೆನಿಲ್ಲಾ ಸುರಿದವ್ರೆ." ಒಂದು ಕಡೆ ಮೇಲೆ ವಿಸ್ಕಿ ಹನಿಸಿದ್ದಾರೆಂದು ತಿಳಿದು ಫರ್ಹತ್ ತಟ್ಟೆ ಮುಟ್ಟದೆ ವಾಪಸ್ ಕಳಿಸಿದಳು. ಎಲ್ಲಿ ಹೋದರೂ ಮೂರು ಚಮಚ, ಒಂದು ಬೈಗುಳ. ಆಮೇಲೆ ಮಗುವಿನ ಹಾಗೆ ಅವಳ ಮುಖ ನೋಡಿ, "ಈಗ ನೀರು?" ಎಂದು ಕೇಳುವರು. ಕಾರು ತಿರುಗಿಸುವಾಗ ಅವಳಿಗೆ ರಸ್ತೆ ಮಸುಕಾಗಿ ಕಾಣುತ್ತಿತ್ತು.

ತಪಾಸಣೆಗೆ ಮುಂಚಿನ ಕೊನೆಯ ಭಾನುವಾರ ಕ್ಯಾರಾರೋದ ಒಂದು ಕೆಫೆಯಲ್ಲಿ ಪುಡ್ಡಿಂಗ್ ಮುಗಿದುಹೋಗಿತ್ತು. ಫರ್ಹತ್‌ಳ ಮುಖ ಇಳಿದದ್ದನ್ನು ಕಂಡು ಅಡುಗೆಯವಳು, ಪಾಚಿ ತಂದುಕೊಡುವ ಬ್ರೀಡಾಳ ಮನೆ ಮುಂದಿನ ತಿರುವಿನಲ್ಲೇ ಇದೆ, ಕೇಳಿ ನೋಡಿ, ಹುಣ್ಣಿಮೆಯ ಮಾರನೆ ದಿನವಲ್ಲವೇ, ಸಮುದ್ರದ ದೊಡ್ಡ ಇಳಿತ, ದಡದಲ್ಲೇ ಇರುತ್ತಾಳೆ ಎಂದಳು.

ದಡಕ್ಕೆ ಹೋದ ಫರ್ಹತ್ ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟಳು. ಸಮುದ್ರ ಇರಲಿಲ್ಲ. ಸಮುದ್ರ ಎಷ್ಟೋ ದೂರ ಹಿಂದೆ ಸರಿದು, ಎಂದೂ ಯಾರಿಗೂ ತೋರಿಸದ ತನ್ನ ನೆಲವನ್ನು ಹಾಸಿಟ್ಟಿತ್ತು. ಬಂಡೆಯ ಮೇಲೆ ಬಂಡೆ, ಪ್ರತಿ ಬಂಡೆಗೂ ಕೆಂಪು, ನೇರಳೆ, ಹಸಿರು ಗೊಂಚಲು, ಎಲ್ಲವೂ ಒದ್ದೆಯಾಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಬೆಂಗಳೂರಿನವಳಿಗೆ ಸಮುದ್ರವೆಂದರೆ ಬರೀ ಮೇಲಿನ ನೀರು. ಅದರ ಅಡಿಯಲ್ಲಿ ಇಷ್ಟು ದೊಡ್ಡ ತೋಟವಿದೆಯೆಂದು ಅವಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರಿನಲ್ಲಿ ಮಾವನ ಕುರ್ಚಿಯನ್ನು ಮೆಲ್ಲಗೆ ಕೊನೆಯವರೆಗೂ ಇಳಿಸಿದಳು.

ಬ್ರೀಡಾ ಎಪ್ಪತ್ತು ದಾಟಿದವಳು, ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಚೀಲ, ನಡುನಡುವೆ ಕೆಮ್ಮು. ಫರ್ಹತ್ ಬಂದ ಕಾರಣ ಹೇಳಿದಳು. ಬ್ರೀಡಾ ಪಕ್ಕದ ಬಂಡೆಯಿಂದ ಒಂದು ಹಿಡಿ ಕಿತ್ತು, ನೀರು ಸೋರುವಂತೆಯೇ ತಂದು ಮುದುಕರ ಅಂಗೈಗೆ ಇಟ್ಟಳು. ಒಣಗಿದರೆ ನೀವು ಸಂತೆಯಲ್ಲಿ ಕೊಂಡದ್ದು ಇದೇ, ನಿಮ್ಮ ಚೈನಾ ಗ್ರಾಸ್ ಕೂಡ ಬೇರೆ ಸಮುದ್ರದ ಇದೇ ಬಳಗದ್ದು ಎಂದಳು. ಫರ್ಹತ್ ಅದನ್ನು ಕನ್ನಡದಲ್ಲಿ ಹೇಳಿದಳು. ಇಷ್ಟು ದಿನ ಮೊಮ್ಮಗಳು ಎಷ್ಟು ಸಲ ಹೇಳಿದರೂ, ಪಾಚಿಯಂತೆ ಪಾಚಿ, ಅದು ಚೈನಾದ ಹುಲ್ಲು ಕಣೇ ಎಂದು ಗದರಿಸುತ್ತಿದ್ದವರು ಈಗ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದರು. ಆ ಕವಲುಕವಲಾದ ಎಳೆಗಳನ್ನು ಹೆಬ್ಬೆರಳಿನಿಂದ ಉಜ್ಜಿದರು. ಜಾರುವ ಅಂಟು ಬೆರಳಿಗೆ ಹತ್ತಿತು. ಆ ಅಂಟು ಅವರ ಬೆರಳಿಗೆ ಗೊತ್ತಿತ್ತು.

"ಜೀವಮಾನ ಎಲ್ಲಾ ಇದನ್ನ ಕುದಿಸಿದೀನಿ ಫರ್ಹತ್," ಎಂದರು. "ಎಲ್ಲಿಂದ ಬರ್ತೈತೆ ಅಂತ ಒಂದ್ ದಿನಾನೂ ಕೇಳ್ಲಿಲ್ಲ. ಸುಭಾನಲ್ಲಾ. ಕಲ್ಲಿಗೆ ಅಂಟ್ಕೊಂಡು, ದಿನಾ ಸಮುದ್ರ ಬಂದು ಬಡಿದ್ರೂ ಬಿಡ್ದೆ ಕೂತೈತೆ. ಅದಕ್ಕೇ ಹಾಲನ್ನ ಹಿಡ್ದು ನಿಲ್ಲಿಸ್ತಿತ್ತು."

ಆ ಮುಖವನ್ನು ಫರ್ಹತ್ ಹಿಂದೆಂದೂ ಕಂಡಿರಲಿಲ್ಲ. ಊರಿನ ಅಡುಗೆಯವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕಿದ ಮನುಷ್ಯ, ಅಂಗೈಯ ಪಾಚಿಯನ್ನು ಹಾಗೇ ಹಣೆಗೆ ಮುಟ್ಟಿಸಿಕೊಂಡರು. ಅವಳಿಗೂ ಮೈ ಜುಮ್ಮೆಂದಿತು.

ಬ್ರೀಡಾ ಮನೆಗೆ ಕರೆದೊಯ್ದು ಟೀ ಮಾಡಿದಳು. ಒಂದು ಕಪ್ಪು ಮುದುಕರ ಮುಂದಿಟ್ಟಾಗ ಫರ್ಹತ್ ತಡೆದು, ತೆಳ್ಳಗಿನದು ಏನೂ ಆಗದು, ಚಳಿಗಾಲದಿಂದ ಇವರಿಗೆ ನೀರೇ ಕೊಟ್ಟಿಲ್ಲ ಎಂದು ಹೇಳಿದಳು. ಬ್ರೀಡಾ ಹಿಂದಿನ ಕೋಣೆಗೆ ಹೋಗಿ ಒಂದು ಬಟ್ಟಲು ತಂದಳು. ಪುಡ್ಡಿಂಗ್ ಇಲ್ಲ, ನನ್ನ ಕೆಮ್ಮಿಗೆಂದು ಬೆಳಿಗ್ಗೆ ಮಾಡಿಟ್ಟುಕೊಂಡದ್ದು ಇದೊಂದೇ ಇದೆ, ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಪಾಚಿ, ಬಾವಿಯ ನೀರು ಮತ್ತು ಒಂದು ಹನಿ ನಿಂಬೆ, ನಮ್ಮಪ್ಪನ ಕೊನೆಗಾಲದಲ್ಲಿ ಅವನಿಗೆ ಇದನ್ನೇ ಕೊಡುತ್ತಿದ್ದೆವು ಎಂದಳು. ಬಟ್ಟಲಿನ ತಳದಲ್ಲಿ ಬಿಡಿಸಿದ ನೀಲಿ ಹೂವು ಅದರೊಳಗಿಂದ ನಿಚ್ಚಳವಾಗಿ ಕಾಣುತ್ತಿತ್ತು.

ಇಷ್ಟು ದೂರ ಬಂದದ್ದು ಕೆಮ್ಮಿನ ಔಷಧಿಗೇ ಎಂದು ಫರ್ಹತ್‌ಗೆ ಒಳಗೇ ನಿರಾಸೆಯಾಯಿತು. ಆದರೂ ಒಂದು ಚಮಚ ತನ್ನ ಬಾಯಲ್ಲಿ ಇಟ್ಟುಕೊಂಡು ಕಾದಳು. ತಣ್ಣಗಿತ್ತು, ರುಚಿ ಎನ್ನುವುದೇ ಇರಲಿಲ್ಲ, ನೀರಾಗಲಿಲ್ಲ. ಮಾವನನ್ನು ನೆಟ್ಟಗೆ ಕೂರಿಸಿ ಮೊದಲ ಚಮಚ ಕೊಟ್ಟಳು.

ಅವರು ಬಾಯಿ ಮುಚ್ಚಿ ಹಾಗೇ ಉಳಿದರು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಇಳಿಯಿತು. ಫರ್ಹತ್ ಕೆಮ್ಮಿಗಾಗಿ ಕಾದಳು, ಬರಲಿಲ್ಲ. ಬೈಗುಳಕ್ಕಾಗಿ ಕಾದಳು, ಅದೂ ಬರಲಿಲ್ಲ. ಮತ್ತೆ ಬಾಯಿ ತೆರೆದರು. ಮೂರನೆಯ ಚಮಚ ದಾಟಿತು, ನಾಲ್ಕು ದಾಟಿತು. ನೀಲಿ ಹೂವು ಬರಿದಾಗಿ ಕಾಣುವವರೆಗೂ ತಿಂದು, ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು.

"ನೀರು," ಎಂದರು.

ಬೇಡ ಮಾವ ಎನ್ನುವ ಮಾತು ಅಭ್ಯಾಸಬಲದಿಂದ ಅವಳ ಬಾಯಿಗೆ ಬಂದೇಬಿಟ್ಟಿತು. ಅವರು ಕೈಯೆತ್ತಿ ತಡೆದರು.

"ಕೇಳ್ತಿಲ್ಲಮ್ಮ. ಕುಡಿದೆ ಅಂತಿದೀನಿ." ಒದ್ದೆ ಕಣ್ಣು ತೆರೆದು ಸೊಸೆಯ ಮುಖ ನೋಡಿದರು. "ಈಗ ಹಸಿವಾಗ್ತೈತೆ. ನಡಿ, ಮನೆಗ್ ಹೋಗಿ ಊಟ ಹಾಕು."