ಕ್ವಾರಿ ಬಾವಿಯಲ್ಲಿ ಒಗೆದ ಬಿಳಿ ಪಂಚೆ

ಮೊನ್ನೆ ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ ಕಸದ ಲಾರಿಯೊಂದು ನನ್ನ ಸ್ಕೂಟರಿನ ಮುಂದೆಯೇ ನಿಂತಿತು. ಅದರ ಹಿಂಬದಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಕೊಳೆತ ಹಣ್ಣು, ಥಿನ್ನರ್, ಪ್ಲಾಸ್ಟಿಕ್ ಎಲ್ಲ ಕಲಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದೋಬಿ ಅಣ್ಣ ನೆನಪಾದರು...

ಶ್ರೀಗಂಧದ ಕಾವಲಿನ ನಮ್ಮ ಬೀದಿಗೆಲ್ಲ ಬಟ್ಟೆ ಒಗೆಯುತ್ತಿದ್ದವರು ಅವರೇ. ಹಳೆಯ ಕಲ್ಲುಕ್ವಾರಿಯ ಕೆಳಗಿದ್ದ ಬಾವಿಯೇ ಅವರಿಗೆ ಎಲ್ಲ. ಕ್ವಾರಿಯ ಯಜಮಾನ ಅದನ್ನು ಕಸ ಸುರಿಯಲು ಬಿಟ್ಟುಕೊಟ್ಟ ಮೇಲೆ ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿತು. ಅಣ್ಣನ ಹೆಂಡತಿಯ ಕೈ ಮೊಣಕೈವರೆಗೂ ಸುಲಿಯಿತು. ಕುಡಿಯಲೂ ಅದೇ ನೀರು, ಕುದಿಸಿ ಕುಡಿದರು. ಕಸದಿಂದ ಇಳಿದ ಬಣ್ಣ, ಔಷಧ, ಪ್ಲಾಸ್ಟಿಕ್ಕುಗಳ ವಿಷ ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲವೆಂದು ಅವರಿಗೆ ಯಾರೂ ಹೇಳಲಿಲ್ಲ. ಆಕೆ ಲಿವರ್ ಕೆಟ್ಟು ತೀರಿಕೊಂಡರು. ನೀರಿನಿಂದಲೇ ಎಂದು ಬರೆದುಕೊಡಲು ಡಾಕ್ಟರು ಒಪ್ಪಲಿಲ್ಲ.

ತಿಥಿ ಮುಗಿಯಿತು. ಅಣ್ಣ ಊರವರ ಬಟ್ಟೆಗೆಲ್ಲ ಟ್ಯಾಂಕರ್ ನೀರು ತರಿಸತೊಡಗಿದರು. ಯಜಮಾನನ ಪಂಚೆ, ಶರ್ಟುಗಳನ್ನು ಮಾತ್ರ ಆ ಬಾವಿಯಲ್ಲೇ ಅದ್ದಿ, ನೀಲಿ, ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟರು.

ಒಣಗಿದಾಗ ವಾಸನೆ ಗೊತ್ತಾಗುತ್ತಿರಲಿಲ್ಲ. ಬೆವರು ತಾಗಿದರೆ ಏಳುತ್ತಿತ್ತು. ಯಜಮಾನನ ಮಗಳ ಮದುವೆಯಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ ಎದ್ದಿತು. ಪುರೋಹಿತರು ಕೆಮ್ಮಿದರು. ಬೀಗಿತ್ತಿ ಮೂಗಿಗೆ ಸೆರಗು ಹಿಡಿದು ದೂರ ಸರಿದರು. ಊಟದ ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಖಾಲಿಯೇ ಉಳಿಯಿತು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮಾರನೆಯ ದಿನ ಅವನು ನಮ್ಮ ಬೀದಿಗೇ ನುಗ್ಗಿ ಬಂದ. "ಯಾವ ಮೋರೀಲಿ ಒಗ್ದ್ಯೋ?"

"ನನ್ನ ಹೆಂಡ್ತಿ ಕುಡಿದ ಬಾವೀಲಿ, ಸಾರ್," ಎಂದರು ಅಣ್ಣ. "ನೀವು ಒಂದಿನ ಮೈಮೇಲೆ ಹಾಕ್ಕೊಂಡ್ರಿ. ಅವಳು ವರ್ಷಗಟ್ಲೆ ಹೊಟ್ಟೇಲಿ ಇಟ್ಕೊಂಡಿದ್ಲು."

ಕಪಾಳಕ್ಕೆ ಬಿತ್ತು. ಇಸ್ತ್ರಿ ಗಾಡಿ ಉರುಳಿತು. ಅಣ್ಣ ಬಗ್ಗಿ ಕೆಂಡಗಳನ್ನು ನೀರೆರಚಿ ಆರಿಸಿದರೇ ಹೊರತು ಕ್ಷಮೆ ಕೇಳಲಿಲ್ಲ. ಆಮೇಲೆ ಕೆಂಗೇರಿಯ ಮಗಳ ಮನೆಗೆ ಹೋದರು. ಹೆಚ್ಚು ದಿನ ಬದುಕಲಿಲ್ಲ...

ಈಗ ಆ ಕ್ವಾರಿಯನ್ನು ಮಣ್ಣು ಹಾಕಿ ಮುಚ್ಚಿ ಸೈಟು ಮಾಡಿದ್ದಾರೆ. ಮೂಲೆ ಸೈಟಿನಲ್ಲಿ ಯಜಮಾನನೇ ಮನೆ ಕಟ್ಟಿಸಿ, ಬೋರ್‌ವೆಲ್ ಕೊರೆಸಿದ. ಹೋದ ವಾರ ನನ್ನನ್ನು ತಡೆದು, "ನೀರಲ್ಲಿ ನೊರೆ ಬರ್ತಿದೆ ಕಣಮ್ಮ, ಬಟ್ಟೇಲಿ ಸೋಸಿ ಕುದಿಸಿದ್ರೆ ಸಾಕಲ್ವಾ?" ಎಂದ.

"ಸಾಕು ಸಾರ್," ಎಂದೆ.

ಪಾಪ ಬಂದರೆ ಬರಲಿ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ. ಓಡಿಹೋಗಿ ಇದನ್ನು ಹೇಳಬೇಕಾಗಿದ್ದ ಮನುಷ್ಯ ಇಲ್ಲವಲ್ಲ ಎಂದು ಆಮೇಲೆ ಅಳು ಬಂತು.