ಗ್ಲೆನಿಸ್ ಅಂಗಳದ ನೀಲಿಗಂಟೆಗಳು

ಬೆಳಕು ಇನ್ನೂ ಬೇಲಿಯಾಚೆಗೇ ಇದೆ. ಅಂಚೆಯ ಕೆಂಪು ಜಾಕೆಟ್ ತೊಟ್ಟೇ ಗ್ಲೆನಿಸ್ ಪ್ರೀಸ್ ಹಿತ್ತಲಲ್ಲಿ ಮೊಣಕಾಲೂರಿದ್ದಾರೆ. ಸೇಬಿನ ಮರದಡಿಯ ಕುಂಡಗಳಲ್ಲಿ ನೀಲಿಗಂಟೆ ಹೂಗಳು ಒಂದೇ ಕಡೆಗೆ ತಲೆ ಬಾಗಿಸಿ ನಿಂತಿವೆ. ಒಂದನ್ನು ಮೂಸಿ, "ಹಾಂ, ನಮ್ಮ ಕಾಡಿಂದೇ" ಎನ್ನುತ್ತಾರೆ. ಪಕ್ಕದಲ್ಲಿ ಚಹಾ ಆರುತ್ತಿದೆ.

ಇಂಗ್ಲೆಂಡಿನ ಶ್ರಾಪ್‌ಶೈರಿನ ನಮ್ಮ ಹಳ್ಳಿಗೆ ಓಕ್ ಕಾಡು ತಾಗಿಕೊಂಡೇ ಇದೆ. ಏಪ್ರಿಲ್ ಕೊನೆಗೆ ಅದರ ನೆಲವೆಲ್ಲ ನೀಲಿ. ಆದರೆ ಮನೆಗಳ ಅಂಗಳದಲ್ಲಿ ಇದ್ದದ್ದು ಅಂಗಡಿಯಿಂದ ತಂದ ಸ್ಪೇನಿನ ತಳಿ. ನೆಟ್ಟಗೆ ನಿಲ್ಲುತ್ತದೆ, ಪರಿಮಳವಿಲ್ಲ. ದುಂಬಿಗಳು ಅದರ ಪರಾಗವನ್ನು ಕಾಡಿಗೆ ಒಯ್ದು, ಎರಡೂ ಬೆರೆತು, ಊರಿನ ಹೂವೇ ಅಳಿಯತೊಡಗಿದ್ದನ್ನು ಮೊದಲು ಕಂಡವರು ಮನೆಮನೆಗೆ ಟಪಾಲು ಹಂಚುವ ಗ್ಲೆನಿಸ್.

ಕಾಡಿನಿಂದ ಗೆಡ್ಡೆ ಕೀಳಲು ಕಾನೂನು ಬಿಡುವುದಿಲ್ಲ. ಕಾಡಿನ ಒಡೆಯರನ್ನು ಕೇಳಿ ಹಿಡಿ ಬೀಜ ತಂದು ಕುಂಡಗಳಲ್ಲಿ ಬಿತ್ತಿದರು. ಮೊದಲ ವರ್ಷ ಹುಲ್ಲಿನೆಳೆಯಂಥ ಎಲೆ, ಅಷ್ಟೇ. ಒಂದು ಚಳಿಗಾಲದಲ್ಲಿ ನೀರು ನಿಂತು ಎಲ್ಲ ಕೊಳೆತುಹೋಯಿತು.

"ಅವತ್ತು ಅತ್ತುಬಿಟ್ಟೆ ಕಣ್ರೀ. ನನ್ನ ಗಂಡ, 'ಸತ್ತಿದ್ದು ಗೆಡ್ಡೆ ಮಾರಾಯ್ತಿ, ನೆಂಟರಲ್ಲ' ಅಂದ. ಆಮೇಲೆ ಅವನೇ ಕೂತು ಕುಂಡಗಳಿಗೆಲ್ಲ ತೂತು ಕೊರೆದುಕೊಟ್ಟ."

ಈಗ ಯಾರಾದರೂ ಒಪ್ಪಿದರೆ ಸಾಕು. ಕೆಲಸ ಮುಗಿಸಿ ಸಲಿಕೆ ಹಿಡಿದು ಹೋಗುತ್ತಾರೆ. ಸ್ಪೇನಿನದನ್ನು ತಾವೇ ಅಗೆದು ತೆಗೆದು, ತಮ್ಮ ಕುಂಡದ್ದನ್ನು ಅಲ್ಲಿ ನೆಟ್ಟು ಬರುತ್ತಾರೆ. ಹೆಚ್ಚುಕಡಿಮೆ ಊರೇ ಒಪ್ಪಿತು. ಒಪ್ಪದವರು ಒಬ್ಬರೇ, ಕಾಡಿಗೆ ಅಂಟಿದ ಕೊನೆಯ ಮನೆಯ ವಿಲ್ಫ್ ಗಿಟಿನ್ಸ್ ಅಜ್ಜ.

"ಕಾಗದ ಕೊಟ್ಟು ನಡಿಯಮ್ಮ. ನನ್ನ ಹೂವಿನ ಗೊಡವೆ ನಿನಗ್ಯಾಕೆ?" ಎಂದು ಅಜ್ಜ ಬಾಗಿಲು ಹಾಕಿಕೊಂಡರು. ಮರುದಿನ ತಾವೇ ಕರೆದು ಹೇಳಿದರು. ಅವು ತೀರಿಹೋದ ಹೆಂಡತಿ ಈನಿಡ್ ನೆಟ್ಟವು. ಕಡೆಯ ವರ್ಷ, ಉಸಿರು ಕಟ್ಟುತ್ತಿದ್ದರೂ ನೆಲದಲ್ಲಿ ಕೂತು ನೆಟ್ಟಿದ್ದರಂತೆ.

ಗ್ಲೆನಿಸ್ ಮತ್ತೆ ಸಲಿಕೆಯ ಮಾತೆತ್ತಲಿಲ್ಲ. "ಮೊಗ್ಗು ಬಿರಿಯೋ ಮುಂಚೆ ಕೊಯ್ದು ಒಳಗೆ ತಂದಿಡೋಣ್ವಾ ವಿಲ್ಫ್? ಗಿಡ ಅಲ್ಲೇ ಇರ್ಲಿ. ಹೂ ನಿಮ್ಮ ಹತ್ರ ಅರಳ್ಲಿ, ದುಂಬಿಗೆ ಸಿಗಲ್ಲ."

ಅಜ್ಜ ಒಳಗೆ ಹೋಗಿ ಮೇಜಿನ ಖಾನೆ ತಡಕಿದರು. ಆಮೇಲೆ, "ನನ್ನ ಕತ್ತರಿ ಮೊಂಡಾಗಿದೆ. ನಿಂದೇ ತಗೊಂಡ್ ಬಾ" ಎಂದರು.

ಅಂದಿನಿಂದ ಪ್ರತಿ ವಸಂತದಲ್ಲೂ ಗ್ಲೆನಿಸ್ ಅಜ್ಜನ ಮನೆಯಲ್ಲಿ ಟಪಾಲಿನ ಚೀಲ ಇಳಿಸುತ್ತಾರೆ. ಇಂದು ನಾನೂ ಜೊತೆಗಿದ್ದೇನೆ. ಮೇಜು, ಕಿಟಕಿ, ಮೆಟ್ಟಿಲು, ಎಲ್ಲೆಲ್ಲೂ ಜಾಮ್ ಬಾಟಲಿಗಳಲ್ಲಿ ನೀಲಿ ಹೂ. ಅಜ್ಜ ನಮಗೆ ಬೆಣ್ಣೆ ಸವರಿದ ಟೋಸ್ಟ್ ಕೊಡುತ್ತಾರೆ.

"ನಾನು ಹೋದ್ಮೇಲೆ ಇದನ್ನೆಲ್ಲ ಅಗೆದುಹಾಕು. ನಿಂದನ್ನೇ ನೆಡು. ಈನಿಡ್ ಬೇಜಾರು ಮಾಡ್ಕೊಳ್ಳಲ್ಲ" ಎನ್ನುತ್ತಾರೆ, ನಮ್ಮ ಮುಖ ನೋಡದೆ.

ಗ್ಲೆನಿಸ್ ಕೊನೆಯ ಹೂದಂಟನ್ನು ನೀರಿಗಿಳಿಸಿ ಚೀಲ ಹೆಗಲಿಗೇರಿಸುತ್ತಾರೆ.

"ಈಗಿರೋ ಕುಂಡಗಳನ್ನ ಆಗಲೇ ಬೇರೆಯವರಿಗೆ ಕೊಡ್ತೀನಂತ ಹೇಳಿಟ್ಟಿದೀನಿ. ನಿಮ್ಮ ಪಾಲಿಂದು ಹೋದ ಬೇಸಿಗೇಲಿ ಬಿತ್ತಿದ್ದು. ಅದು ಹೂ ಬಿಡೋಕೆ ಇನ್ನೂ ಐದು ವರ್ಷ ಬೇಕು. ಅಲ್ಲಿತನಕ ನೀವು ಎಲ್ಲೂ ಹೋಗೋ ಹಾಗಿಲ್ಲ."