ಮೂಲೆಯ ಮೇಜಿನಿಂದ ಬಾಗಿಲಿಗೆ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರೂ ಕಡಲಿಗೆ ಹೋದವರು. ನಾನೊಬ್ಬ ಮಾತ್ರ ದೋಣಿ ಹತ್ತಿದ ಮೊದಲ ದಿನವೇ, ದಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ, ವಾಂತಿ ಮಾಡಿಕೊಂಡು ಅಳುತ್ತಾ ವಾಪಸು ಬಂದವನು. ಮನೆಯವರೆಲ್ಲ ನಗಾಡಿದರು. ಅಕ್ಕ ನಗಲಿಲ್ಲ. ಅವನು ಓದಲಿ ಎಂದು ಹೇಳಿ, ತಾನು ಸಿಗಡಿ ಸುಲಿಯುವ ಶೆಡ್ಡಿಗೆ ಹೋಗತೊಡಗಿದಳು. ಅವಳ ದುಡಿಮೆಯಲ್ಲೇ ನಾನು ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿದ್ದು.

ಈಗ ನಾನು ಬೈಂದೂರಿನ ಕಡೆ ಹೆದ್ದಾರಿ ಬದಿಯಲ್ಲಿರುವ ಒಂದು ಮೀನು ಸಂಸ್ಕರಣಾ ಘಟಕದ ಮ್ಯಾನೇಜರ್. ಅಕ್ಕ ಅದೇ ಘಟಕದಲ್ಲಿ ಇನ್ನೂ ಸಿಗಡಿ ಸುಲಿಯುತ್ತಾಳೆ. ಬಿಡು ಎಂದರೆ ಬಿಡುವವಳಲ್ಲ. ವರ್ಷಗಟ್ಟಲೆ ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅವಳ ಬಲ ಮಂಡಿ ಸೋತಿದೆ. ನಾನು ಮ್ಯಾನೇಜರ್ ಆದ ತಿಂಗಳೇ ಅವಳಿಗೊಂದು ಉಪಕಾರ ಮಾಡಿದೆ. ಸಿಗಡಿ ಸುಲಿಯುವ ಹಾಲ್‌ನ ತುದಿಯ ಮೂಲೆಯ ಮೇಜನ್ನು ಅವಳಿಗೆ ಕೊಟ್ಟೆ. ಪಕ್ಕದಲ್ಲೇ ನಲ್ಲಿ, ಬೇಸಿನ್ ಹೊರುವ ಕೆಲಸ ಬೇರೆಯವರದು, ಗೋಡೆ ತಂಪು, ಓಡಾಡುವವರ ಕಾಟವಿಲ್ಲ. ಉಳಿದ ಹೆಂಗಸರು ಅದನ್ನು ಮ್ಯಾನೇಜರ್ ಅಕ್ಕನ ಸಿಂಹಾಸನ ಎಂದು ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆ ತಂಪು ಗೋಡೆಯ ಆಚೆಗಿರುವುದು ಮಷೀನ್ ರೂಮು. ಅಲ್ಲಿನ ಪೈಪುಗಳಲ್ಲಿ ಅಮೋನಿಯಾ ಓಡುತ್ತದೆ. ನಮ್ಮ ಸಿಗಡಿ ಕಲ್ಲಿನಂತೆ ಗಟ್ಟಿಯಾಗುವುದು ಅದರಿಂದಲೇ. ಪೈಪಿನ ಒಳಗಿದ್ದರೆ ಅದರಷ್ಟು ನಂಬಿಗಸ್ತ ಬೇರೆ ಇಲ್ಲ. ಹೊರಗೆ ಬಂದರೆ ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಎದೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಹೆದರುವುದಕ್ಕೂ ನಡುವೆ ಬಹಳ ಅಂತರವಿದೆ ಎಂದು ಕಲಿತದ್ದು ಮುಂದೆ ಒಂದು ತರಗತಿಗೆ ಹೋದ ಮೇಲೆ.

ನಮ್ಮ ಧಣಿಗಳಿಗೆ ಮೂರು ಕಡೆ ವ್ಯವಹಾರ. ಬೈಂದೂರಿನಲ್ಲಿ ಈ ಘಟಕ, ಬ್ರಹ್ಮಾವರದಲ್ಲಿ ಐಸ್ ಪ್ಲಾಂಟ್, ಕುಂದಾಪುರದಲ್ಲಿ ಆಫೀಸು. ವಿದೇಶದಿಂದ ಮಾಲು ಕೊಳ್ಳುವವರು, ಇಡೀ ಸಂಸ್ಥೆಗೆ ಎಲ್ಲೆಲ್ಲಿ ಏನೇನು ಅಪಾಯವಿದೆ, ಅದಕ್ಕೆ ನೀವೇನು ಮಾಡಿದ್ದೀರಿ ಎಂದು ಬರೆದು ಕೊಡಿ ಎಂದು ಕೇಳಿದ್ದರು. ಅದನ್ನು ಕಲಿಸಲು ಬ್ರಹ್ಮಾವರದಲ್ಲಿ ನಾಲ್ಕು ಶನಿವಾರ ತರಗತಿ ಇದೆಯೆಂದು ತಿಳಿದು ಧಣಿಗಳು ನನ್ನನ್ನೇ ಆರಿಸಿದರು.

"ನೀನೇ ಹೋಯ್ಕ್," ಎಂದರು. "ಹೆದ್ರುಕೆ ನಿಂಗೆ ಯಾರೂ ಕಲ್ಸೂದ್ ಬ್ಯಾಡ."

ಕಲಿಸುವಾಕೆ ನನಗಿಂತ ಹತ್ತು ವರ್ಷ ಚಿಕ್ಕವಳು. ಮೆದು ದನಿಯಲ್ಲಿ ಭಯಂಕರ ವಿಷಯಗಳನ್ನು ಹೇಳುತ್ತಿದ್ದಳು. ಒಂದು ರಿಸ್ಕ್ ರಿಜಿಸ್ಟರ್ ಮಾಡಬೇಕು. ಒಂದೊಂದು ಸಾಲಿನಲ್ಲಿ ಒಂದೊಂದು ಅಪಾಯ. ಅದು ಸಂಭವಿಸುವ ಸಾಧ್ಯತೆಗೆ ಒಂದರಿಂದ ಐದರೊಳಗೆ ಅಂಕ, ಸಂಭವಿಸಿದರೆ ಆಗುವ ಅನಾಹುತಕ್ಕೆ ಇನ್ನೊಂದು ಅಂಕ. ಎರಡನ್ನೂ ಗುಣಿಸಬೇಕು. ದೊಡ್ಡ ಸಂಖ್ಯೆಗೆ ಕೆಂಪು, ನಡುವಿನದಕ್ಕೆ ಹಳದಿ, ಸಣ್ಣದಕ್ಕೆ ಹಸಿರು. ಕೊನೆಯ ಅಂಕಣದಲ್ಲಿ ಆ ಅಪಾಯದ ಜವಾಬ್ದಾರಿ ಯಾರದು ಎಂದು ಬರೆಯಬೇಕು.

ಮೊದಲ ಶನಿವಾರ ಮನೆಗೆ ಬಂದವನೇ ನಾನು ಬೇರೆ ಮನುಷ್ಯನಾಗಿದ್ದೆ. ಅಡುಗೆಮನೆಯ ಸಿಲಿಂಡರಿಗೆ ಅಂಕ ಕೊಟ್ಟೆ. ಬಾವಿಯ ದಂಡೆಗೆ ಕೊಟ್ಟೆ. ಹೆದ್ದಾರಿಯಲ್ಲಿ ಬೈಕಿನ ಹಿಂದೆ ಬರುವ ಪ್ರತಿ ಮೀನಿನ ಲಾರಿಗೂ ಕೊಟ್ಟೆ. ಹೆಂಡತಿ ಎರಡು ದಿನ ಸಹಿಸಿಕೊಂಡಳು, ಮೂರನೆಯ ದಿನ ತನಗೆಷ್ಟು ಅಂಕ ಎಂದು ಕೇಳಿದಳು. ನನಗೆ ನಗು ಬರಲಿಲ್ಲ. ಊಟ ಸೇರುತ್ತಿರಲಿಲ್ಲ.

ಕೆಲಸಗಾರರನ್ನೇ ಕೇಳಿ, ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ ಎಂದು ತರಗತಿಯ ಮೇಡಂ ಹೇಳಿದ್ದಳು. ಸೋಮವಾರ ಕೆಲಸ ಶುರುವಾಗುವ ಮೊದಲು ಹೆಂಗಸರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿಕೊಂಡು, ಇಲ್ಲಿ ಏನೇನು ಅನಾಹುತ ಆಗಬಹುದು ಎಂದು ಕೇಳಿದೆ. ಯಾರೂ ತುಟಿ ಬಿಚ್ಚಲಿಲ್ಲ. ಗ್ಯಾಸ್ ಲೀಕ್ ಆದರೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಮುಂದೆ ನಿಂತ ಹಿರಿಯ ಹೆಂಗಸಿನ ಮುಖ ಕಪ್ಪಿಟ್ಟಿತು.

"ಬಿಡ್ತ್ ಅನ್ನಿ ಸರ್," ಎಂದರು. "ಬೆಳಿಗ್ಗೆ ಬೆಳಿಗ್ಗೆ ಅದೆಂತ ಮಾತ್?"

ನಾನು ಬಿಡ್ತು ಎಂದೆ. ಅಷ್ಟು ಜನರ ಎದುರು ನಿಂತ ಮ್ಯಾನೇಜರ್, ಕೈಯಲ್ಲಿ ರಿಜಿಸ್ಟರ್ ಹಿಡಿದುಕೊಂಡು, ಸಣ್ಣ ಮಗುವಿನ ಹಾಗೆ ಬಿಡ್ತು ಎಂದೆ. ಕೆಟ್ಟದ್ದನ್ನು ಬಾಯಲ್ಲಿ ಹೇಳಿದರೆ ಅದನ್ನು ಮನೆಗೆ ಕರೆದ ಹಾಗೆ ಎಂದು ನಂಬಿ ಬೆಳೆದವರು ನಾವು. ಬ್ರಹ್ಮಾವರದ ಐಸ್ ಪ್ಲಾಂಟಿನಲ್ಲೂ ಅದೇ ಕಥೆ. ಎಂತದೂ ಇಲ್ಲ, ದೇವರು ಕಾಪಾಡಿಕೊಂಡು ಬಂದಿದ್ದಾನೆ ಎಂದರು. ಹಾಗಾಗಿ ಅಮೋನಿಯಾ ಸೋರಿಕೆಯ ಸಾಲಿನಲ್ಲಿ ಅನಾಹುತಕ್ಕೆ ಐದು ಕೊಟ್ಟೆ, ಸಾಧ್ಯತೆಗೆ ಒಂದು. ಐದೊಂದ್ಲ ಐದು. ಹಸಿರು. ಜವಾಬ್ದಾರಿಯ ಅಂಕಣದಲ್ಲಿ ಘಟಕದ ಮ್ಯಾನೇಜರ್ ಎಂದು ಬರೆದು, ಆ ದಿನ ಮಧ್ಯಾಹ್ನ ಸ್ವಲ್ಪ ಊಟ ಮಾಡಿದೆ.

ಮೂರನೆಯ ಶನಿವಾರ ಮೇಡಂ ಎಲ್ಲ ಘಟಕಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಲು ಹೇಳಿದಳು. ಒಂದೊಂದು ಕಡೆಯದನ್ನು ಬೇರೆ ಬೇರೆ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ, ಸಂಸ್ಥೆಯನ್ನು ಇಡಿಯಾಗಿ ನೋಡಿದಾಗಲೇ ತೂತು ಕಾಣುವುದು ಎಂದಳು. ಬೈಂದೂರಿನ ಹಾಳೆಯಲ್ಲಿ ಗ್ಯಾಸ್ ಮಾಸ್ಕು ಎರಡು ಎಂದಿತ್ತು. ಬ್ರಹ್ಮಾವರದ ಹಾಳೆಯಲ್ಲೂ ಎರಡು ಎಂದಿತ್ತು. ಎರಡೂ ಹಾಳೆಗಳಲ್ಲಿದ್ದದ್ದು ಅವೇ ಎರಡು ಮಾಸ್ಕುಗಳು. ಎಲ್ಲಿ ತಪಾಸಣೆ ಇದೆಯೋ ಅಲ್ಲಿಗೆ ಜೀಪಿನಲ್ಲಿ ಕಳಿಸುತ್ತಿದ್ದವನು ನಾನೇ. ಆ ಹೊತ್ತಿಗೆ ಎರಡೂ ಬ್ರಹ್ಮಾವರದಲ್ಲಿದ್ದವು. ಬೈಂದೂರಿನಲ್ಲಿ ಒಂದೂ ಇರಲಿಲ್ಲ. ತರಗತಿ ಮುಗಿದ ಕೂಡಲೇ ಐಸ್ ಪ್ಲಾಂಟಿಗೆ ಹೋಗಿ ಒಂದನ್ನು ಬೈಕಿಗೆ ಕಟ್ಟಿಕೊಂಡು ಬಂದೆ, ಇನ್ನೂ ನಾಲ್ಕಕ್ಕೆ ಆರ್ಡರ್ ಹಾಕಿದೆ.

ಆಮೇಲೆ ನನ್ನ ಕಣ್ಣು ನನ್ನ ಮಾತು ಕೇಳಲಿಲ್ಲ. ಎಲ್ಲವನ್ನೂ ಹೊಸದಾಗಿ ನೋಡತೊಡಗಿತು. ಮಷೀನ್ ರೂಮಿನ ಮಾಡಿನ ಕಂಬಕ್ಕೆ ಯಾರೋ ಹಳೇ ಸೀರೆಯ ಕೆಂಪು ಚೂರೊಂದನ್ನು ಕಟ್ಟಿದ್ದರು. ತಪಾಸಣೆಯವರು ಬಂದಾಗ ಅಸಹ್ಯ ಕಾಣುತ್ತದೆಂದು ನಾನು ಎರಡು ಸಲ ಕಿತ್ತು ಹಾಕಿಸಿದ್ದೆ. ಎರಡು ಸಲವೂ ಮತ್ತೆ ಹುಟ್ಟಿಕೊಂಡಿತ್ತು. ಈ ಸಲ ಕೀಳಿಸದೆ, ಅದು ಯಾಕೆ ಎಂದು ಮಷೀನ್ ರೂಮಿನ ಆಪರೇಟರನ್ನು ಕೇಳಿದೆ. ಅವರು ಸಿದ್ದಾಪುರದ ಕಡೆಯವರು, ನನ್ನ ಅಪ್ಪನ ವಯಸ್ಸು.

"ಗಾಳಿ ಯಾವ್ ಬದಿಗೆ ಬೀಸ್ತಿತ್ತ್ ಅಂತ ಕಾಣುಕೆ ಮಾರಾಯ್ರೆ," ಎಂದರು. "ಯಾವ್ ಬದಿಗ್ ಓಡುದ್ ಅಂತ ಗೊತ್ತಾಯ್ಕಲ್ದಾ?"

ಅಷ್ಟು ಹೇಳಿ ಅವರು ಒಳಗೆ ಹೋದರು. ಹೆಂಗಸರು ಸ್ಟೋರಿನಿಂದ ಯಾವಾಗಲೂ ಒಂದು ಸೈಜು ದೊಡ್ಡ ಗಂಬೂಟನ್ನೇ ಕೇಳಿ ಪಡೆಯುತ್ತಿದ್ದುದು ನೆನಪಾಯಿತು. ಸರಿಯಾದ ಅಳತೆಯದನ್ನೇ ಹಾಕಬೇಕೆಂದು ನಾನು ನೋಟಿಸ್ ಅಂಟಿಸಿದ್ದೆ. ದೊಡ್ಡ ಬೂಟಾದರೆ ಒಂದೇ ಒದೆತಕ್ಕೆ ಕಾಲಿನಿಂದ ಕಳಚಿ ಬೀಳುತ್ತದೆ, ಬರಿಗಾಲಲ್ಲಿ ಓಡಬಹುದು. ಪ್ರತಿಯೊಬ್ಬಳ ಸೊಂಟದಲ್ಲೂ ಏಪ್ರನ್ ಅಡಿ ಒಂದು ಒದ್ದೆ ಬಟ್ಟೆ ಸಿಕ್ಕಿಸಿರುತ್ತಿತ್ತು. ಅದಕ್ಕೂ ಬೈದಿದ್ದೆ. ಮೂಗಿಗೆ ಹಿಡಿಯಲು ಅದು. ಬಾಯಿಬಿಟ್ಟು ಹೇಳದಿದ್ದದ್ದನ್ನೆಲ್ಲ ಅವರು ಬೂಟಿನಲ್ಲಿ, ಬಟ್ಟೆಯಲ್ಲಿ, ಕಂಬದ ಮೇಲೆ ಬರೆದಿಟ್ಟಿದ್ದರು. ಎಲ್ಲರೂ ಓಡಲು ಸಿದ್ಧರಾಗಿದ್ದರು. ಏನೂ ಗೊತ್ತಿಲ್ಲದೆ ಕೂತವನು ಮ್ಯಾನೇಜರ್ ಒಬ್ಬನೇ.

ಹಾಲಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ತುದಿಯಲ್ಲಿ, ಮಷೀನ್ ರೂಮಿನ ಗೋಡೆಗೆ ಬೆನ್ನು ಕೊಟ್ಟು, ಸೋತ ಮಂಡಿಯನ್ನು ಚಾಚಿಕೊಂಡು ಅಕ್ಕ ಕೂತಿದ್ದಳು. ಬಾಗಿಲಿನಿಂದ ಎಲ್ಲರಿಗಿಂತ ದೂರ. ಅವಳ ಪಕ್ಕದಲ್ಲೇ ಹಿಂಬಾಗಿಲೊಂದಿತ್ತು. ರಿಜಿಸ್ಟರಿನಲ್ಲಿ ಹೊರಹೋಗುವ ದಾರಿ ಎರಡು ಎಂದು ನಾನು ಬರೆದದ್ದು ಅದನ್ನೂ ಸೇರಿಸಿ. ಅದರ ಎದುರು ಆಳೆತ್ತರಕ್ಕೆ ಕ್ರೇಟುಗಳನ್ನು ಪೇರಿಸಲಾಗಿತ್ತು. ಅವಳನ್ನು ಅಲ್ಲಿ ಕೂರಿಸಿದವನು ನಾನು.

ಆಗಲೇ ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಕಾರಣ ಏನೆಂದು ಹೇಳುವುದು, ಹೇಳಿದರೆ ಉಳಿದ ಹೆಂಗಸರು ಗಾಬರಿಯಾಗುವುದಿಲ್ಲವೇ, ಅಕ್ಕನನ್ನು ಮಾತ್ರ ಎಬ್ಬಿಸಿ ಬೇರೆ ಯಾರನ್ನು ಅಲ್ಲಿ ಕೂರಿಸುವುದು ಎಂದೆಲ್ಲ ಯೋಚಿಸುತ್ತಾ ಎರಡು ದಿನ ಕಳೆದೆ. ನಿದ್ದೆ ಬರಲಿಲ್ಲ. ಆ ಎರಡು ದಿನಗಳಿಗಾಗಿ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಮೂರನೆಯ ದಿನ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು, ನನ್ನ ಕೋಣೆಗೆ ಆ ವಾಸನೆ ಬಂತು. ಮೂಗಿಗೆ ಸೂಜಿ ಚುಚ್ಚಿದ ಹಾಗೆ. ಹೊರಗೆ ಓಡು, ಗಾಳಿ ಬರುವ ಬದಿಗೆ ಓಡು, ಒಳಗೆ ಹೋಗಬೇಡ ಎಂದು ಕಲಿತದ್ದೆಲ್ಲ ತಲೆಯಿಂದ ಜಾರಿಹೋಯಿತು. ನನ್ನ ಕೋಣೆಯಿಂದ ಹಾಲಿಗೆ ಒಂದು ಒಳಬಾಗಿಲಿದೆ. ಅದನ್ನು ತಳ್ಳಿ ಒಳಗೆ ನುಗ್ಗಿದೆ. ಕಣ್ಣು ಬಿಡಲಾಗಲಿಲ್ಲ. ಮೇಜುಗಳ ಅಂಚು ಹಿಡಿದುಕೊಂಡು, ಅಕ್ಕ ಎಂದು ಕೂಗಲು ಹೋಗಿ ಕೆಮ್ಮುತ್ತಾ, ತುದಿಯ ತನಕ ಹೋದೆ. ಬಗ್ಗಿ ತಡಕಾಡಿದೆ. ಕೈಗೆ ಅವಳ ಬೂಟು ಸಿಕ್ಕಿತು. ಬಿದ್ದಿದ್ದಾಳೆ ಎಂದುಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಭಯ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಎರಡೂ ಕೈಯಲ್ಲಿ ಆ ಬೂಟನ್ನು ಹಿಡಿದು ಎಳೆದೆ. ಖಾಲಿಯಾಗಿತ್ತು.

ಹಿಂಬಾಗಿಲಿಗೆ ಕೈ ಚಾಚಿದರೆ ಕ್ರೇಟುಗಳು. ಅಲ್ಲೇ ಕುಸಿದೆ. ಆಮೇಲೆ ಯಾರೋ ಅಂಗಿಯ ಕಾಲರ್ ಹಿಡಿದು ದರದರನೆ ಎಳೆದದ್ದಷ್ಟೇ ನೆನಪು. ಎಳೆದವರು ಆಪರೇಟರ್. ವಾಲ್ವ್ ಮುಚ್ಚಿ ಬಂದಿದ್ದ ಅವರ ಮುಖದ ಮೇಲೆ ನಾನು ಬ್ರಹ್ಮಾವರದಿಂದ ಬೈಕಿಗೆ ಕಟ್ಟಿಕೊಂಡು ತಂದ ಮಾಸ್ಕಿತ್ತು.

ಅಂಗಳದ ಪಡುವಣ ಮೂಲೆಯಲ್ಲಿ, ಕಡಲ ಗಾಳಿಗೆ ಮುಖ ಕೊಟ್ಟು, ಹೆಂಗಸರೆಲ್ಲ ಬರಿಗಾಲಲ್ಲಿ ಕೂತಿದ್ದರು. ಒಬ್ಬಳಿಗೂ ಒಂದು ಕೆಮ್ಮಿಲ್ಲ. ಅಕ್ಕ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕಣ್ಣಿಗೆ ನೀರು ಹೊಯ್ಯುತ್ತಾ ಬೈದಳು. ಒಳಗೆ ಯಾಕೆ ಹೋದೆ ಎಂದು ಕೇಳಿದಳು. ನಿನ್ನನ್ನು ಹುಡುಕಲು ಎಂದೆ.

"ನಾನ್ ಕೂಕಂಡ ಮೊದಲ್ನೇ ದಿನವೇ ಎಣ್ಸಿದ್ದೆ," ಎಂದಳು. "ಬಾಗ್ಲಿಗೆ ಮೂವತ್ತೆಂಟ್ ಹೆಜ್ಜಿ. ಚೂರ್ ವಾಸ್ನಿ ಬಂದ್ ಕೂಡ್ಲೇ ಏಳ್ತೆ. ನಾನ್ ಎದ್ರೆ ಎಲ್ಲರೂ ಏಳ್ತ್ರ್."

ಆಗ ನನಗೆ ಅರ್ಥವಾಯಿತು. ಕೆಲಸದ ಹೊತ್ತಿನಲ್ಲಿ ಹೆಂಗಸರು ಆಗಾಗ ಒಟ್ಟಾಗಿ ಎದ್ದು ಅಂಗಳಕ್ಕೆ ಹೋಗಿ ಕಾಲು ಗಂಟೆ ಕೂತು ಬರುತ್ತಿದ್ದರು. ಎಲೆ ಅಡಿಕೆ ಹಾಕಲು ಹೋಗುತ್ತಾರೆಂದು ನಾನು ಸಂಬಳ ಹಿಡಿಯುವ ಬೆದರಿಕೆ ಹಾಕಿದ್ದೆ. ಹೀಗೆ ಎಷ್ಟು ಸಲ ಆಗಿದೆ ಎಂದು ಕೇಳಿದೆ. ಈ ವರ್ಷ ಇದು ಐದನೆಯದು, ಮುಂಚಿನವು ಸಣ್ಣವು, ಆಪರೇಟರ್ ಅವರೇ ಸರಿ ಮಾಡಿದ್ದರು ಎಂದಳು. ರಿಜಿಸ್ಟರಿನಲ್ಲಿ ಸಾಧ್ಯತೆಯ ಎದುರು ನಾನು ಬರೆದ ಒಂದು ಎಂಬ ಅಂಕ ಕಣ್ಣ ಮುಂದೆ ಬಂತು.

ನನಗೆ ಯಾಕೆ ಹೇಳಲಿಲ್ಲ ಎಂದೆ. ಸಿಟ್ಟಿನಿಂದ ಕೇಳಬೇಕೆಂದಿದ್ದೆ, ಅಳು ಬಂತು.

"ನೀನ್ ಪ್ರೀತಿಂದ್ ಕೊಟ್ಟ ಜಾಗ," ಎಂದಳು. "ಬ್ಯಾಡ ಅಂಬುಕೆ ಮನ್ಸ್ ಬರ್ಲಿಲ್ಲೆ."

ಧಣಿಗಳು ಅದೇ ಸಂಜೆ ಬಂದರು. ನಾಲ್ಕು ದಿನ ಘಟಕ ನಿಲ್ಲಿಸಿ ವಾಲ್ವುಗಳನ್ನು ಬದಲಾಯಿಸಿದೆವು. ಕ್ರೇಟುಗಳನ್ನು ತೆಗೆಸಿ ಹಿಂಬಾಗಿಲು ಬಿಡಿಸಿದೆ. ಬೂಟಿನ ನೋಟಿಸ್ ಹರಿದು ಹಾಕಿದೆ. ಕೆಂಪು ಸೀರೆಯ ಚೂರಿನ ಜಾಗಕ್ಕೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ತರಿಸುತ್ತೇನೆ ಎಂದರೆ ಆಪರೇಟರ್ ಎರಡೂ ಇರಲಿ ಎಂದರು. ವಾಸನೆ ಹಿಡಿದು ಕೂಗುವ ಸೆನ್ಸರ್ ಮಾತ್ರ ಬರಲು ಎರಡು ವಾರ ಬೇಕಿತ್ತು.

ಕೆಲಸ ಮತ್ತೆ ಶುರುವಾದ ದಿನ ಅಕ್ಕನ ಮೇಜನ್ನು ಮುಂಬಾಗಿಲ ಹತ್ತಿರ ಹಾಕಿಸಿದ್ದೆ. ಅವಳು ಅದನ್ನು ನೋಡಿದಳು, ಕುಂಟುತ್ತಾ ಹಳೇ ಮೂಲೆಗೇ ಹೋಗಿ ಸ್ಟೂಲು ಹಾಕಿಕೊಂಡಳು. ಆ ಯಂತ್ರ ಬರುವ ತನಕ ಗೋಡೆಯ ಬುಡದಲ್ಲಿ ಯಾರಾದರೂ ಕೂರಬೇಕಲ್ಲ, ತನ್ನ ಮೂಗಿಗೆ ಅದರ ಅಭ್ಯಾಸವಿದೆ ಎಂದು ಆಮೇಲೆ ಹೇಳಿದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಕೈ ಮುಗಿದರೂ ಕೇಳಲಿಲ್ಲ.

ಕೊನೆಗೆ ನಾನು ನನ್ನ ಕೋಣೆಯಿಂದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವಳ ಪಕ್ಕದಲ್ಲಿ ಹಾಕಿದೆ. ಲ್ಯಾಪ್‌ಟಾಪನ್ನು ಸಿಗಡಿಯ ಮೇಜಿನ ಮೇಲೆ ಇಟ್ಟುಕೊಂಡು ರಿಜಿಸ್ಟರನ್ನು ಮೊದಲಿನಿಂದ ಬರೆಯತೊಡಗಿದೆ. ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು. ಗೋಡೆಯಾಚೆ ಕಂಪ್ರೆಸರ್ ಗುಡುಗುಡು ಎನ್ನುವಾಗಲೆಲ್ಲ ನನ್ನ ಬೆರಳು ತಪ್ಪು ಕೀಲಿ ಒತ್ತುತ್ತಿತ್ತು. ಅಕ್ಕ ಕೈಕೆಲಸ ನಿಲ್ಲಿಸದೆ ಅದನ್ನು ಗಮನಿಸಿದಳು.

"ಹೆದ್ರಿಕಿ ಆತಾ?" ಎಂದು ಕೇಳಿದಳು.

"ಆತ್," ಎಂದೆ.

ಅವಳು ಎದ್ದು, ತನ್ನ ಸ್ಟೂಲನ್ನು ಗೋಡೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಹಿಂಬಾಗಿಲ ಬದಿಯ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟಳು.